ಉಪಗ್ರಹ ಚಿತ್ರದಲ್ಲಿ ಮೋಡ ಇಲ್ಲ, ತೋಟದಲ್ಲಿ ಮಳೆ ಬಿಡೂದಿಲ್ಲ: ಯಾವುದನ್ನ ನಂಬೋದು?

ಪ್ರಶ್ನೆ:

"ನಮ್ಮದು ಶಿರಸಿಯಿಂದ ಪಶ್ಚಿಮಕ್ಕೆ, ಘಟ್ಟದ ಅಂಚಿನ ಹತ್ರ ಎರಡೂವರೆ ಎಕರೆ ಅಡಿಕೆ ತೋಟ. ಕೊಳೆರೋಗದ ಔಷಧಿ ಹೊಡೆಸ್ಲಿಕ್ಕೆ ಹೊಳವು, ಅಂದ್ರೆ ಮಳೆ ಬಿಡುವು, ನೋಡ್ಬೇಕಲ್ಲ, ಅದಕ್ಕೆ ಮೂರು ವರ್ಷದಿಂದ ಮೊಬೈಲ್‌ನಲ್ಲಿ ಇನ್ಸಾಟ್ ಹವಾಮಾನ ಉಪಗ್ರಹದ ಚಿತ್ರ ನೋಡೋ ಅಭ್ಯಾಸ ಮಾಡ್ಕೊಂಡಿದ್ದೇನೆ. ಕಳೆದ ಮಳೆಗಾಲ ಎರಡನೇ ಔಷಧಿ ಹೊತ್ತಿಗೆ ಬಣ್ಣದ ಚಿತ್ರದಲ್ಲಿ ನಮ್ಮ ಮೇಲೆ ಏನೂ ಇರ್ಲಿಲ್ಲ, ಬರೀ ಬೂದಿ ಬಣ್ಣ. ವಾಟರ್ ವೇಪರ್ ಅನ್ನೋ ಚಿತ್ರದಲ್ಲಂತೂ ಅರಬ್ಬಿ ಸಮುದ್ರ ಪೂರ್ತಿ ಕಪ್ಪು. ಆವಿಯೇ ಇಲ್ಲ ಅಂದ್ಮೇಲೆ ಮಳೆ ಎಲ್ಲಿಂದ ಅಂತ ಮರ ಹತ್ತಿ ಔಷಧಿ ಹೊಡೆಯೋ ಕೊನೆಗೌಡ್ರಿಗೆ ಬರ್ಲಿಕ್ಕೆ ಹೇಳ್ದೆ, ಎರಡು ಬ್ಯಾರಲ್ ಬೋರ್ಡೋ ದ್ರಾವಣ ಕಲೆಸಿದ್ದೂ ಆಯ್ತು. ಹನ್ನೊಂದು ಗಂಟೆಗೆ ಹಿಡಿದ ಮಳೆ ಮೂರು ದಿನ ಬಿಡ್ಲಿಲ್ಲ. ಮುಂದಿನ ವಾರ ಚಿತ್ರ ನೋಡಿದ್ರೆ ನಮ್ಮ ಜಿಲ್ಲೆ ಮೇಲೆ ಪೂರ್ತಿ ಕೆಂಪು, ಹೆದರಿ ಕೆಲಸ ಮುಂದೆ ಹಾಕ್ದೆ, ಆ ದಿನ ಸಂಜೆವರೆಗೆ ಒಂದು ಹನಿ ಬೀಳ್ಲಿಲ್ಲ. ಪಕ್ಕದ ಮನೆಯವರು ಅದೆಲ್ಲ ಹಳೇ ಫೋಟೋ, ಟೈಮೇ ಸರಿ ಇರೂದಿಲ್ಲ ಅಂತಾರೆ. ಬೆಂಗಳೂರಲ್ಲಿರೋ ಮಗ, ಉಪಗ್ರಹ ಬೆಳಕನ್ನ ಒಡೆದು ಗಾಳಿಯ ನೀರನ್ನೇ ಅಳೀತದೆ, ತಪ್ಪಾಗ್ಲಿಕ್ಕೆ ಸಾಧ್ಯ ಇಲ್ಲ ಅಂತಾನೆ. ನಾನು ಇದನ್ನ ನೋಡೋದು ಬಿಡ್ಲೋ, ಅಥವಾ ನೋಡೋದೇ ತಪ್ಪಾಗಿದ್ಯೋ?"

ಉತ್ತರ:

ನೋಡೋದು ಬಿಡ್ಬೇಡಿ. ನೀವು ಬರೆದ ಆ ಎರಡು ದಿನದ ವಿವರ ಓದಿ ನನಗೆ ಆಶ್ಚರ್ಯ ಆಗ್ಲಿಲ್ಲ ಮಾರಾಯ್ರೆ, ಬೇಜಾರು ಮಾತ್ರ ಆಯ್ತು, ಯಾಕಂದ್ರೆ ಆ ಎರಡು ದಿನವೂ ಉಪಗ್ರಹ ತನ್ನ ಕೆಲಸ ಸರಿಯಾಗೇ ಮಾಡಿತ್ತು, ಅದು ಏನನ್ನ ಅಳೆದು ಕೊಟ್ಟಿದೆ ಅಂತ ನಿಮಗೆ ಯಾರೂ ಹೇಳ್ಲಿಲ್ಲ ಅಷ್ಟೇ. ನಾನು ಅಂಕೋಲೆ ಕಡೆಯವನು, ಇಪ್ಪತ್ತು ವರ್ಷಕ್ಕೂ ಮೇಲೆ ಇದೇ ಉಪಗ್ರಹಗಳ ಡೇಟಾ ಜೊತೆ ಕೆಲಸ ಮಾಡಿದವನು, ಆದ್ರೂ ನಮ್ಮ ಘಟ್ಟದ ಮಳೆ ವಿಷಯದಲ್ಲಿ ಬರೀ ಈ ಬಣ್ಣದ ಚಿತ್ರ ಒಂದನ್ನೇ ನಂಬಿ ನಾನು ಒಂದು ಬ್ಯಾರಲ್ ಔಷಧಿ ಕೂಡ ಕಲೆಸೂದಿಲ್ಲ.

ಮೊದಲು ಪಕ್ಕದ ಮನೆಯವರ ಅನುಮಾನ. ಹಳೇ ಫೋಟೋ ಅಲ್ಲ. ಇನ್ಸಾಟ್ ಅರ್ಧ ಗಂಟೆಗೊಂದು ಚಿತ್ರ ತೆಗೀತದೆ, ಎರಡು ಉಪಗ್ರಹ ಸೇರಿ ಹಂಚ್ಕೊಂಡಾಗ ಹದಿನೈದು ನಿಮಿಷಕ್ಕೊಂದು ಸಿಗ್ತದೆ. ಆದ್ರೆ ಎಷ್ಟೋ ಚಿತ್ರದ ಮೇಲೆ ಬರೆದಿರೋ ಟೈಮು ನಮ್ಮ ಗಡಿಯಾರದ್ದಲ್ಲ, ಅದು ಯುಟಿಸಿ, ಅಂದ್ರೆ ಗ್ರೀನಿಚ್ ಲೆಕ್ಕದ್ದು, ಅದಕ್ಕೆ ಐದೂವರೆ ಗಂಟೆ ಕೂಡಿಸ್ಬೇಕು. ಚಿತ್ರದಲ್ಲಿ 0330 ಅಂತ ಇದ್ರೆ ನಮ್ಮಲ್ಲಿ ಬೆಳಿಗ್ಗೆ ಒಂಬತ್ತು ಗಂಟೆ. ಇದು ಗೊತ್ತಿಲ್ಲದೆ ಬೆಳಿಗ್ಗೆ ಒಂಬತ್ತರ ಚಿತ್ರವನ್ನ ರಾತ್ರಿ ಮೂರೂವರೆಯದ್ದು ಅಂತ ತಿಳ್ಕೊಂಡವರು ಎಷ್ಟೋ ಜನ ಇದ್ದಾರೆ, ನಿಮ್ಮ ಪಕ್ಕದವರಿಗೂ ಅದೇ ಆಗಿರ್ಬೇಕು.

ಈಗ ಮಗ ಹೇಳಿದ್ದು. ಬೆಳಕನ್ನ ಒಡೆದು ಅಳೀತದೆ ಅನ್ನೋದು ನಿಜ. ನೀರನ್ನೇ ಅಳೀತದೆ ಅನ್ನೋದು ಅರ್ಧ ನಿಜ. ಇನ್ಸಾಟ್-3ಡಿಆರ್ ಅಂತ 2016ರ ಸೆಪ್ಟೆಂಬರ್‌ನಲ್ಲಿ ಹಾರಿಸಿದ ಉಪಗ್ರಹ ಇದ್ಯಲ್ಲ, ಅದರ ಜಾಗ 74 ಡಿಗ್ರಿ ಪೂರ್ವ ರೇಖಾಂಶ, ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿ.ಮೀ. ಎತ್ತರ. ಕಾರವಾರದ ರೇಖಾಂಶವೂ ಹೆಚ್ಚುಕಡಿಮೆ ಅದೇ. ಅಂದ್ರೆ ನೀವು ಕಾರವಾರದ ಕಡಲ ತೀರದಲ್ಲಿ ನಿಂತು ದಕ್ಷಿಣಕ್ಕೆ ಮುಖ ಮಾಡಿ ತಲೆ ಎತ್ತಿದ್ರೆ ನೆತ್ತಿಯಿಂದ ಸ್ವಲ್ಪ ಕೆಳಗೆ ಅದು ಸದಾ ಅಲ್ಲೇ ಇರ್ತದೆ, ಕಣ್ಣಿಗೆ ಕಾಣೂದಿಲ್ಲ ಅಷ್ಟೇ. ಅದರ ಜೊತೆಗೆ 2024ರ ಫೆಬ್ರವರಿ 17ರಂದು ಹೋದ ಇನ್ಸಾಟ್-3ಡಿಎಸ್ ಇದೆ, ಅದು 82 ಡಿಗ್ರಿಯಲ್ಲಿ. ಅಷ್ಟು ದೂರದಿಂದ ಇವು ಮಾಡೋದು ಒಂದೇ ಕೆಲಸ, ಭೂಮಿ ಕಡೆಯಿಂದ ಬರೋ ಬೆಳಕು ಮತ್ತು ಶಾಖವನ್ನ ಬೇರೆ ಬೇರೆ ತರಂಗಾಂತರದಲ್ಲಿ ಎಣಿಸೋದು. ಇಮೇಜರ್ ಅನ್ನೋ ಉಪಕರಣಕ್ಕೆ ಆರು ಚಾನೆಲ್, ಒಂದು ನಮ್ಮ ಕಣ್ಣಿಗೂ ಕಾಣೋ ಬೆಳಕಿನದು, ಉಳಿದ ಐದು ಕಣ್ಣಿಗೆ ಕಾಣದ ಇನ್ಫ್ರಾರೆಡ್‌ನವು. ಒಂದೊಂದೂ ಆಕಾಶದಲ್ಲಿ ಒಂದೊಂದು ಎತ್ತರದ, ಒಂದೊಂದು ತರದ ವಸ್ತುವನ್ನ ನೋಡ್ತದೆ, ಮಳೆಯನ್ನ ನೇರವಾಗಿ ನೋಡೋದು ಈ ಆರರಲ್ಲಿ ಒಂದೂ ಇಲ್ಲ.

ಇಲ್ಲಿ ಒಂದು ಸಣ್ಣ ವಿಷಯ ಬಿಡಿಸಿ ಹೇಳ್ಬೇಕು. ಚಹಾ ಕೆಟಲ್ ಕುದಿಯೋವಾಗ ಮೂತಿ ಹತ್ರ ಸರಿಯಾಗಿ ನೋಡಿ, ಮೂತಿಗೂ ಬಿಳಿ ಹಬೆಗೂ ಮಧ್ಯ ಒಂದು ಬೆರಳಿನಷ್ಟು ಜಾಗದಲ್ಲಿ ಏನೂ ಕಾಣೂದಿಲ್ಲ. ನಿಜವಾದ ನೀರಾವಿ ಅದು, ಆ ಕಾಣದೇ ಇರೋದು. ಅದರ ಮುಂದೆ ಬೆಳ್ಳಗೆ ಕಾಣೋದು ಆವಿ ತಣ್ಣಗಾಗಿ ಆದ ಸಣ್ಣ ಸಣ್ಣ ಹನಿ, ಅದೇ ಮೋಡ. ಆವಿ ಬೇರೆ, ಮೋಡ ಬೇರೆ, ಮಳೆ ಇನ್ನೂ ಬೇರೆ. ಒಂದು ಮೋಡದ ಹನಿ ಅಂದ್ರೆ ಸುಮಾರು 10 ಮೈಕ್ರಾನ್ ತ್ರಿಜ್ಯ, ಅಂದ್ರೆ ಒಂದು ಮಿಲಿಮೀಟರಿನ ನೂರನೇ ಒಂದು ಪಾಲು. ಒಂದು ಮಿ.ಮೀ. ತ್ರಿಜ್ಯದ ಒಂದು ಮಳೆಹನಿ ಆಗ್ಬೇಕಂದ್ರೆ ಅಂಥ ಹತ್ತು ಲಕ್ಷ ಹನಿ ಸೇರ್ಬೇಕು. ಮೋಡ ಕಂಡ ಮಾತ್ರಕ್ಕೆ ಆ ಹತ್ತು ಲಕ್ಷ ಸೇರಿದ್ಯೋ ಇಲ್ಲವೋ ಅಂತ ಮೇಲಿನಿಂದ ನೋಡಿದವರಿಗೆ ಗೊತ್ತಾಗೂದು ಕಷ್ಟ.

ಈಗ ನಿಮ್ಮ ಬಣ್ಣದ ಚಿತ್ರಕ್ಕೆ ಬರ್ತೇನೆ. ಅದು 10.3ರಿಂದ 11.3 ಮೈಕ್ರಾನ್ ಚಾನೆಲ್. ಈ ತರಂಗಾಂತರಕ್ಕೆ ಗಾಳಿಯ ಆವಿ ಹೆಚ್ಚು ಅಡ್ಡ ಬರೂದಿಲ್ಲ, ಅದಕ್ಕೇ ಇದನ್ನ ಕಿಟಕಿ ಅಂತ ಕರೀತೇವೆ. ಕಿಟಕಿಯಿಂದ ಇಣುಕಿದ್ರೆ ಮೊದಲು ಯಾವ ಗಟ್ಟಿ ಮೈ ಸಿಗ್ತದೋ ಅದರ ಉಷ್ಣತೆ ಕಾಣ್ತದೆ, ಆಕಾಶ ಖಾಲಿ ಇದ್ರೆ ಸಮುದ್ರದ್ದು, ನೆಲದ್ದು, ಮೋಡ ಇದ್ರೆ ಮೋಡದ ನೆತ್ತಿಯದ್ದು. ಮೇಲೆ ಹೋದ ಹಾಗೆ ಕಿ.ಮೀ.ಗೆ ಸುಮಾರು ಆರು ಡಿಗ್ರಿ ಲೆಕ್ಕದಲ್ಲಿ ತಣ್ಣಗಾಗ್ತದೆ, ಹಾಗಾಗಿ ನೆತ್ತಿ ಎಷ್ಟು ತಣ್ಣಗಿದ್ಯೋ ಮೋಡ ಅಷ್ಟು ಎತ್ತರ. ಈ ಉಷ್ಣತೆಗೆ ಬಣ್ಣ ಹಚ್ಚೋದು ಕಂಪ್ಯೂಟರು. ಕೆಂಪು ಅಂದ್ರೆ ತುಂಬಾ ತಣ್ಣಗಿನ, ತುಂಬಾ ಎತ್ತರದ ನೆತ್ತಿ. ಕೆಂಪು ಅಂದ್ರೆ ಜೋರು ಮಳೆ ಅಂತ ಎಲ್ಲೂ ಬರೆದಿಲ್ಲ, ನಾವು ಹಾಗೆ ಓದ್ಕೊಳ್ತೇವೆ, ಯಾಕಂದ್ರೆ ಕೆಂಪು ಕಂಡ್ರೆ ಅಪಾಯ ಅಂತ ಕಣ್ಣಿಗೆ ಅಭ್ಯಾಸ ಆಗಿದೆ.

ಹಾಗಂತ ತಣ್ಣಗಿನ ನೆತ್ತಿಗೂ ಮಳೆಗೂ ಸಂಬಂಧವೇ ಇಲ್ಲ ಅಂತಲ್ಲ. ಮೈನಸ್ 38 ಡಿಗ್ರಿಗಿಂತ ತಣ್ಣಗಿನ ಮೋಡಕ್ಕೆ ಗಂಟೆಗೆ 3 ಮಿ.ಮೀ. ಮಳೆ ಅಂತ ಹಿಡಿಯೋ ಒಂದು ಹಳೇ ಸರಳ ಲೆಕ್ಕ ಉಂಟು, ಉಷ್ಣವಲಯದ ಸಮುದ್ರದ ಮೇಲೆ ತಿಂಗಳ ಮಳೆಯ ಸರಾಸರಿ ತೆಗೀಲಿಕ್ಕೆ ಅದು ಎಷ್ಟೋ ವರ್ಷ ಕೆಲಸಕ್ಕೆ ಬಂದಿದೆ. ಏಪ್ರಿಲ್-ಮೇಯಲ್ಲಿ ಮಧ್ಯಾಹ್ನ ಮೇಲೆ ಯಲ್ಲಾಪುರ, ಮುಂಡಗೋಡ ಕಡೆಯಿಂದ ಗುಡುಗು ಸಿಡಿಲು ಹೊತ್ಕೊಂಡು ಏಳೋ ಮೋಡಕ್ಕೂ ಅದು ಸರಿ. ಆ ಮೋಡ ಹತ್ತು-ಹನ್ನೆರಡು ಕಿ.ಮೀ. ಎತ್ತರಕ್ಕೆ ಏರಿ, ಮೇಲೆ ಪೂರ್ತಿ ಹಿಮದ ಹರಳಾಗಿ, ಅಲ್ಲಿಂದ ಮಳೆ ಇಳಿಸ್ತದೆ. ಜುಲೈ ತಿಂಗಳ ಘಟ್ಟದ ಮಳೆ ಆ ಜಾತಿದಲ್ಲ.

ನಮ್ಮ ಮಳೆಗಾಲದ ಮಳೆ ಹೇಗಂದ್ರೆ, ಅರಬ್ಬಿ ಸಮುದ್ರದ ಮೇಲೆ ಒಂದೂವರೆ ಕಿ.ಮೀ. ಆಸುಪಾಸು ಎತ್ತರದಲ್ಲಿ ಜೋರು ಪಶ್ಚಿಮ ಗಾಳಿಯ ಒಂದು ಪಟ್ಟಿ ಸೊಮಾಲಿಯಾ ಕಡೆಯಿಂದ ಹರ್ಕೊಂಡು ಬರ್ತದೆ, ಆವಿ ತುಂಬಿದ ಆ ಗಾಳಿ ಕುಮಟಾ-ಅಂಕೋಲೆ ದಾಟಿ ಘಟ್ಟಕ್ಕೆ ಬಡಿದು ಮೇಲೆ ಏರ್ತದೆ, ಏರಿದ್ದೇ ತಣ್ಣಗಾಗಿ ಮೋಡ. ಈ ಮೋಡ ಎಷ್ಟೋ ಸಲ ಮೂರ್ನಾಲ್ಕು ಕಿ.ಮೀ. ಮೇಲೆ ಹೋಗೂದೇ ಇಲ್ಲ. ನೀರು ಹೆಪ್ಪುಗಟ್ಟೋ ಎತ್ತರ ಮಳೆಗಾಲದಲ್ಲಿ ಐದು ಕಿ.ಮೀ. ಮೇಲೆ ಇರ್ತದೆ, ಅಂದ್ರೆ ಈ ಮೋಡದಲ್ಲಿ ಹಿಮದ ಹರಳು ಅನ್ನೋದೇ ಇಲ್ಲ, ಬರೀ ನೀರಿನ ಹನಿ. ಹನಿಗೆ ಹನಿ ಡಿಕ್ಕಿ ಹೊಡೆದು, ಕೂಡಿ, ದೊಡ್ಡದಾಗಿ ಬೀಳ್ತದೆ. ಮಂಜು ಬಿದ್ದ ಬೆಳಿಗ್ಗೆ ಅಡಿಕೆ ಸೋಗೆ ಮೇಲೆ ಸಣ್ಣ ಹನಿ ಒಂದು ಜಾರಿ ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಸೇರಿಸ್ಕೊಂಡು ತುದಿಗೆ ಬರೋವಾಗ ದಪ್ಪ ಆಗಿ ತೊಟ್ಟಿಕ್ತದಲ್ಲ, ಅದೇ ಕೆಲಸ ಮೋಡದ ಒಳಗೆ ನಡೀತದೆ. ಸಮುದ್ರದ ಉಪ್ಪಿನ ಕಣಗಳು ಇದಕ್ಕೆ ಒಳ್ಳೇ ಸಹಾಯ, ಉಪ್ಪು ನೀರನ್ನ ಎಳ್ಕೊಳ್ತದೆ, ಹನಿ ಬೇಗ ದೊಡ್ಡದಾಗ್ತದೆ. ಇದಕ್ಕೆ ವಾರ್ಮ್ ರೇನ್ ಅಂತ ಹೆಸರು, ಬೆಚ್ಚಗಿನ ಮೋಡದ ಮಳೆ.

ಮೂರು-ನಾಲ್ಕು ಕಿ.ಮೀ. ಎತ್ತರದ ಮೋಡದ ನೆತ್ತಿ ಐದೋ ಹತ್ತೋ ಡಿಗ್ರಿ ಇರ್ತದೆ, ಮೈನಸ್ ಅಲ್ಲ, ಪ್ಲಸ್. ಬಣ್ಣ ಹಚ್ಚೋ ಕಂಪ್ಯೂಟರಿಗೆ ಅದು ಬೂದಿ. ಒಂದು ಜುಲೈನಲ್ಲಿ ನಾನು ಕುಮಟಾದಿಂದ ಶಿರಸಿಗೆ ಹೊರಟಿದ್ದೆ, ದೇವಿಮನೆ ಘಟ್ಟದಲ್ಲಿ ವೈಪರ್ ಪೂರ್ತಿ ಸ್ಪೀಡಲ್ಲಿ ಇಟ್ರೂ ಮುಂದಿನ ಬಸ್ಸಿನ ಹಿಂದಿನ ದೀಪ ಕಾಣದಷ್ಟು ಮಳೆ, ಗಾಡಿ ಬದಿಗೆ ಹಾಕಿ ಅರ್ಧ ಗಂಟೆ ನಿಲ್ಲಿಸ್ಕೊಂಡಿದ್ದೆ. ವಾಪಸ್ ಹೋದ್ಮೇಲೆ ಅದೇ ಅರ್ಧ ಗಂಟೆಯ ಡೇಟಾ ತೆಗೆದು ಘಟ್ಟದ ಪಿಕ್ಸೆಲ್ ನೋಡಿದ್ರೆ ನೆತ್ತಿಯ ಉಷ್ಣತೆ 4 ಡಿಗ್ರಿ. ಕೂತಲ್ಲೇ ಬರೀ ಆ ಸಂಖ್ಯೆ ನೋಡಿದ್ದಿದ್ರೆ ನಾನೂ ಹಗುರ ಮೋಡ, ಮಳೆ ಇಲ್ಲ ಅಂತಲೇ ಬರೀತಿದ್ದೆ. ನಿಮ್ಮ ಮೊದಲನೇ ದಿನ ಆಗಿದ್ದು ಇದೇ.

ಆ ಕಪ್ಪು ವಾಟರ್ ವೇಪರ್ ಚಿತ್ರ ನಿಮ್ಮನ್ನ ಇನ್ನೂ ಹೆಚ್ಚು ದಾರಿ ತಪ್ಪಿಸಿದೆ, ಅದನ್ನ ಸರಿಯಾಗಿ ಹೇಳ್ಬೇಕು, ಯಾಕಂದ್ರೆ ವಾಟ್ಸಾಪ್‌ನಲ್ಲಿ ಈ ಚಿತ್ರ ಹಾಕಿ ಸಮುದ್ರದಲ್ಲಿ ತೇವಾಂಶ ಖಾಲಿ, ಮಳೆ ಮುಗೀತು ಅಂತ ಬರೆಯೋದು ಪ್ರತೀ ವರ್ಷ ನೋಡ್ತೇನೆ. ಈ ಚಾನೆಲ್ 6.5ರಿಂದ 7.1 ಮೈಕ್ರಾನ್. ಇಲ್ಲಿ ನೀರಾವಿ ಶಾಖವನ್ನ ಗಟ್ಟಿಯಾಗಿ ಹೀರ್ಕೊಳ್ತದೆ. ಆಲೆಮನೆಯಲ್ಲಿ ಕೊಪ್ಪರಿಗೆ ಕುದಿಯೋವಾಗ ಮೇಲಿನಿಂದ ಬಗ್ಗಿ ನೋಡಿದ್ರೆ ಕಬ್ಬಿನ ಹಾಲು ಎಷ್ಟು ಹದಕ್ಕೆ ಬಂದಿದೆ ಕಾಣ್ತದೋ? ಹಬೆಯ ಮೇಲ್ಪದರ ಮಾತ್ರ ಕಾಣ್ತದೆ. ಹಾಗೇ ಈ ಚಾನೆಲ್‌ನಲ್ಲಿ ಉಪಗ್ರಹದ ನೋಟ ಕೆಳಗಿನವರೆಗೆ ಇಳಿಯೂದೇ ಇಲ್ಲ, ಸುಮಾರು ಐದರಿಂದ ಹತ್ತು ಕಿ.ಮೀ. ಎತ್ತರದ ಆವಿಯಲ್ಲೇ ನಿಂತು ಹೋಗ್ತದೆ. ಮೇಲಿನ ಪದರ ಒಣಗಿದ್ರೆ ನೋಟ ಸ್ವಲ್ಪ ಕೆಳಗಿನ ಬೆಚ್ಚಗಿನ ಪದರಕ್ಕೆ ಇಳೀತದೆ, ಚಿತ್ರ ಕಪ್ಪಾಗ್ತದೆ. ಅಂದ್ರೆ ಕಪ್ಪು ಅನ್ನೋದರ ಅರ್ಥ ಆರು-ಏಳು ಕಿ.ಮೀ. ಮೇಲೆ ಗಾಳಿ ಒಣಗಿದೆ ಅಂತ, ಎಷ್ಟೋ ಸಲ ಅರೇಬಿಯಾ ಮರುಭೂಮಿ ಕಡೆಯಿಂದ ಬಂದ ಗಾಳಿ ಅದು. ಅದರ ಕೆಳಗೆ, ಎರಡು ಕಿ.ಮೀ. ಒಳಗೆ, ಸಮುದ್ರದ ಗಾಳಿ ಒದ್ದೆ ಬಟ್ಟೆ ಹಾಗೆ ಇರ್ಬಹುದು, ಆ ಚಿತ್ರದಲ್ಲಿ ಅದು ಒಂದು ಚೂರೂ ಕಾಣೂದಿಲ್ಲ. ನಮ್ಮ ಘಟ್ಟಕ್ಕೆ ಮಳೆ ಕೊಡೋ ಆವಿಯಲ್ಲಿ ಬಹುಪಾಲು ಇರೋದೇ ಆ ಕಾಣದ ಕೆಳಗಿನ ಪದರದಲ್ಲಿ. ವಾಟರ್ ವೇಪರ್ ಅಂತ ಹೆಸರಿಟ್ಟಿದ್ದೇ ಒಂದು ತೊಂದರೆ ನನ್ನ ಪ್ರಕಾರ, ಮೇಲಾಕಾಶದ ಆವಿ ಅಂತ ಹೆಸರಿಟ್ಟಿದ್ರೆ ಎಷ್ಟೋ ಜನಕ್ಕೆ ಉಪಕಾರ ಆಗ್ತಿತ್ತು.

ಒಣ ಗಾಳಿ ಮೇಲೆ ಕೂತಾಗ ದೊಡ್ಡ ಗುಡುಗಿನ ಮೋಡ ಏಳೋದು ಕಡಿಮೆ ಆಗ್ತದೆ, ಇದು ನಿಜ. ಆದ್ರೆ ಘಟ್ಟಕ್ಕೆ ಗಾಳಿ ಬಡಿದು ಬರೋ ಮಳೆಗೆ ಅಷ್ಟು ಎತ್ತರದ ಮೋಡವೇ ಬೇಡ.

ಇನ್ನು ಎರಡನೇ ದಿನ, ಪೂರ್ತಿ ಕೆಂಪು, ಒಂದು ಹನಿ ಇಲ್ಲ. ಬಂಗಾಳ ಕೊಲ್ಲಿಯಲ್ಲಿ ಅಥವಾ ಮಧ್ಯ ಭಾರತದಲ್ಲಿ ವಾಯುಭಾರ ಕುಸಿತ ಆದಾಗ ಅಲ್ಲಿನ ದೊಡ್ಡ ಮೋಡಗಳ ತಲೆ ಹರಡಿ ತೆಳ್ಳಗಿನ ಹಿಮದ ಪರದೆ ಆಗ್ತದೆ. ಮಳೆಗಾಲದಲ್ಲಿ 15 ಕಿ.ಮೀ. ಆಸುಪಾಸು ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬಹಳ ಜೋರಾದ ಗಾಳಿ ಇದೆ, ಆ ಗಾಳಿ ಈ ಪರದೆಯನ್ನ ಎಳ್ಕೊಂಡು ಬಂದು ನಮ್ಮ ಮೇಲೆ ಹಾಸ್ತದೆ. ಅದು ಬಹಳ ತಣ್ಣಗೆ, ಹಾಗಾಗಿ ಚಿತ್ರದಲ್ಲಿ ಕೆಂಪು. ಕೆಳಗೆ ಮಳೆಮೋಡ ಇರ್ಲಿಕ್ಕೂ ಸಾಕು, ಇಲ್ಲದೆ ಇರ್ಲಿಕ್ಕೂ ಸಾಕು, ಪರದೆ ಮುಚ್ಚಿದೆ, ಉಪಗ್ರಹಕ್ಕೆ ಕಾಣೂದಿಲ್ಲ. ನಿಮ್ಮ ತೋಟದಲ್ಲಿ ಆ ದಿನ ಆಕಾಶ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ, ಬಿಸಿಲು ಮಂಕಾಗಿ ಇದ್ದಿದ್ದು ನೆನಪಿದ್ರೆ ಅದೇ ಇದು. ಗುರುತು ಹಿಡಿಯೋ ಉಪಾಯ ಹೇಳ್ತೇನೆ: ಒಂದೇ ಚಿತ್ರ ನೋಡ್ಬೇಡಿ, ಆರೇಳು ಚಿತ್ರ ಸಾಲಾಗಿ ಓಡಿಸಿ ನೋಡಿ. ಮಳೆಗಾಲದಲ್ಲಿ ಕೆಂಪು ಪೂರ್ವದಿಂದ ಅಂದ್ರೆ ಹಾವೇರಿ ಕಡೆಯಿಂದ ಸಮುದ್ರದ ಕಡೆಗೆ ಜಾರ್ತಾ ಇದ್ರೆ, ಅಂಚು ಹಂಜಿ ಎಳೆದ ಹಾಗೆ ಹರಡಿದ್ರೆ, ಅದು ಬರೀ ಪರದೆ ಅನ್ನೋ ಸಾಧ್ಯತೆಯೇ ಹೆಚ್ಚು. ನಮ್ಮ ಮಳೆ ಬರೋದು ಸಮುದ್ರದ ಕಡೆಯಿಂದ, ಇದು ನಿಮಗೇ ಗೊತ್ತು.

ಹಾಗಾದ್ರೆ ಆವಿಯನ್ನ ಪೂರ್ತಿ ಅಳೆಯೋ ಸಾಧನವೇ ಇಲ್ಲವೋ ಅಂತ ಮಗ ಕೇಳ್ಬಹುದು. ಇದೆ. ಇನ್ಸಾಟ್‌ನಲ್ಲೇ ಸೌಂಡರ್ ಅಂತ ಇನ್ನೊಂದು ಉಪಕರಣ ಉಂಟು, 19 ಚಾನೆಲ್, ಅದರಲ್ಲಿ 18 ಇನ್ಫ್ರಾರೆಡ್‌ನವು, ಅವು ಒಂದೊಂದು ಒಂದೊಂದು ಎತ್ತರದಿಂದ ಬರೋ ಶಾಖವನ್ನ ಹೆಚ್ಚಾಗಿ ಹಿಡೀತವೆ, ಎಲ್ಲ ಸೇರಿಸಿ ಲೆಕ್ಕ ಹಾಕಿದ್ರೆ ಕೆಳಗಿನಿಂದ ಮೇಲಿನವರೆಗೆ ಉಷ್ಣತೆ ಎಷ್ಟು, ಆವಿ ಎಷ್ಟು ಅಂತ ಒಂದು ಏಣಿ ಸಿಗ್ತದೆ. ಆದ್ರೆ ಮೋಡ ಬಂದ್ರೆ ಇನ್ಫ್ರಾರೆಡ್ ನೋಟ ಮೋಡದಲ್ಲೇ ನಿಲ್ತದೆ, ಕೆಳಗಿನ ಮೆಟ್ಟಿಲು ಕಾಣೂದಿಲ್ಲ. ಜನವರಿಯಲ್ಲಿ ನಮ್ಮ ಕರಾವಳಿ ಮೇಲೆ ಚಂದ ಕೆಲಸ ಮಾಡೋ ಉಪಕರಣ ಜುಲೈನಲ್ಲಿ, ನಮಗೆ ಬೇಕಾದ ಹೊತ್ತಿನಲ್ಲೇ, ಕಣ್ಣು ಮುಚ್ಕೊಳ್ತದೆ.

ಮೋಡದ ಒಳಗೆ ತೂರಿ ಹೋಗೋದು ಮೈಕ್ರೋವೇವ್, ಅಂದ್ರೆ ಇನ್ಫ್ರಾರೆಡ್‌ಗಿಂತ ಉದ್ದ ಅಲೆಯ ಕಿರಣ. ನೀರಾವಿ 22 ಗಿಗಾಹರ್ಟ್ಸ್ ಹತ್ರ ಒಂದು ಕಡೆ, 183 ಗಿಗಾಹರ್ಟ್ಸ್ ಹತ್ರ ಇನ್ನೊಂದು ಕಡೆ ತನ್ನ ಗುರುತು ಬಿಡ್ತದೆ. ನಮ್ಮ ದೇಶ ಫ್ರಾನ್ಸ್ ಜೊತೆ ಸೇರಿ 2011ರ ಅಕ್ಟೋಬರ್‌ನಲ್ಲಿ ಮೇಘಾ-ಟ್ರಾಪಿಕ್ಸ್ ಅಂತ ಉಪಗ್ರಹ ಕಳಿಸಿತ್ತು, ಇದೇ ಕೆಲಸಕ್ಕೆ, ಉಷ್ಣವಲಯದ ನೀರಿನ ಲೆಕ್ಕಕ್ಕೆ. ಅದರ ಸಫೀರ್ ಉಪಕರಣ 183ರ ಸುತ್ತ ಆರು ಚಾನೆಲ್‌ನಲ್ಲಿ ಆವಿಯನ್ನ ಪದರ ಪದರವಾಗಿ ಅಳೀತಿತ್ತು. ಆಯುಷ್ಯ ಮುಗಿದ ಮೇಲೆ 2023ರ ಮಾರ್ಚ್ 7ರಂದು ಇಸ್ರೋದವರು ಅದನ್ನ ಜೋಪಾನವಾಗಿ ಪೆಸಿಫಿಕ್ ಸಮುದ್ರದ ಮೇಲೆ ಇಳಿಸಿ ಸುಟ್ಟುಹೋಗೋ ಹಾಗೆ ಮಾಡಿದ್ರು. ಆ ಡೇಟಾ ಜೊತೆ ಕೆಲಸ ಮಾಡಿದ ನಮಗೆಲ್ಲ ಮನೆಯ ಹಿರಿಯರೊಬ್ಬರು ಹೋದ ಹಾಗೆ ಆಗಿತ್ತು.

ಆದ್ರೆ ಮೈಕ್ರೋವೇವ್‌ಗೂ ಅದರದ್ದೇ ಕಷ್ಟ. ಒಂದು, 36,000 ಕಿ.ಮೀ. ದೂರದಿಂದ ಸ್ಪಷ್ಟ ನೋಡ್ಬೇಕಂದ್ರೆ ಭಾರೀ ದೊಡ್ಡ ಆಂಟೆನಾ ಬೇಕು, ಅದಕ್ಕೇ ಈ ಉಪಕರಣಗಳನ್ನ ನೂರಾರು ಕಿ.ಮೀ. ಎತ್ತರದಲ್ಲಿ ಸುತ್ತೋ ಉಪಗ್ರಹದಲ್ಲಿ ಇಡ್ತಾರೆ, ಅವು ನಮ್ಮ ಮೇಲೆ ಹಾದು ಹೋಗೋದು ದಿನಕ್ಕೆ ಕೆಲವೇ ಸಲ. ಇನ್ನೊಂದು, ಸಮುದ್ರದ ಮೇಲೆ ಅದು ಮಳೆಯ ಹನಿಯನ್ನೇ ಗುರುತು ಹಿಡೀತದೆ, ನೆಲದ ಮೇಲೆ ಬಂದ್ರೆ ನೆಲವೇ ಜೋರಾಗಿ ಹೊಳೆಯೋದ್ರಿಂದ ಹನಿ ಆ ಹೊಳಪಲ್ಲಿ ಮುಚ್ಚಿ ಹೋಗ್ತದೆ, ಆಗ ಮೋಡದೊಳಗಿನ ಹಿಮದ ಹರಳನ್ನ ನೋಡಿ ಮಳೆ ಎಷ್ಟು ಅಂತ ಅಂದಾಜು ಮಾಡ್ಬೇಕು. ಘಟ್ಟದ ಬೆಚ್ಚಗಿನ ಮೋಡದಲ್ಲಿ ಹರಳೇ ಇಲ್ಲವಲ್ಲ. ಹಾಗಾಗಿ ಕಾರವಾರದ ಎದುರಿನ ಸಮುದ್ರದಲ್ಲಿ ಸರಿ ಹೇಳಿದ ಉಪಕರಣ ಘಟ್ಟ ಹತ್ತಿದ ಕೂಡ್ಲೇ ಮಳೆಯನ್ನ ಕಡಿಮೆ ಹೇಳ್ತದೆ. ಎಷ್ಟೋ ಉಪಗ್ರಹಗಳನ್ನ ಸೇರಿಸಿ ಅರ್ಧ ಗಂಟೆಗೊಂದು ಕೊಡೋ ಜಾಗತಿಕ ಮಳೆ ನಕ್ಷೆಗಳಲ್ಲೂ ಪಶ್ಚಿಮ ಘಟ್ಟದ ಮೇಲೆ ಇದೇ ಕೊರತೆ ಇದೆ, ಅವುಗಳ ಒಂದು ಚೌಕ ಸುಮಾರು ಹತ್ತು ಕಿ.ಮೀ. ಅಗಲ ಬೇರೆ.

ಮಗನಿಗೆ ಇನ್ನೊಂದು ಲೆಕ್ಕ ಹೇಳಿ, ಅವನಿಗೆ ಇಷ್ಟ ಆಗ್ಬಹುದು. ಮಳೆಗಾಲದಲ್ಲಿ ನಮ್ಮ ಕರಾವಳಿ ಮೇಲೆ ನೆಲದಿಂದ ಆಕಾಶದ ತುದಿವರೆಗಿನ ಆವಿಯನ್ನೆಲ್ಲ ಹಿಂಡಿ ನೀರು ಮಾಡಿದ್ರೆ 50ರಿಂದ 60 ಮಿ.ಮೀ. ಆಗ್ತದೆ. ಅಷ್ಟೇ. ಆದ್ರೆ ಘಟ್ಟದಲ್ಲಿ ಒಂದೇ ದಿನ 200 ಮಿ.ಮೀ. ಸುರಿದ ದಿನ ನಿಮ್ಮ ನೆನಪಲ್ಲೇ ಎಷ್ಟೋ ಇರ್ಬಹುದು. ಇದ್ದ ಆವಿಗಿಂತ ಮೂರ್ನಾಲ್ಕು ಪಟ್ಟು ನೀರು ಎಲ್ಲಿಂದ ಬಂತು? ಗಾಳಿ ತರ್ತಾನೇ ಇರ್ತದೆ. ಅಡಿಕೆ ತೋಟದ ಹರಣಿಯಲ್ಲಿ, ಅಂದ್ರೆ ನೀರು ಹರಿಯೋ ಕಾಲುವೆಯಲ್ಲಿ, ಆ ಗಳಿಗೆಗೆ ನಿಂತ ನೀರು ಎಷ್ಟು ಅಂತ ಅಳೆದ್ರೆ ದಿನಕ್ಕೆ ಎಷ್ಟು ನೀರು ಹರೀತು ಅಂತ ಗೊತ್ತಾಗೂದಿಲ್ಲ, ಹರಿವು ಎಷ್ಟು ಜೋರು ಅಂತ ನೋಡ್ಬೇಕು. ಹಾಗೇ ಆವಿ ಎಷ್ಟಿದೆ ಅನ್ನೋದಕ್ಕಿಂತ ಗಾಳಿ ಅದನ್ನ ಎಷ್ಟು ಜೋರಾಗಿ ಘಟ್ಟಕ್ಕೆ ತಳ್ತಾ ಇದೆ ಅನ್ನೋದೇ ಮುಖ್ಯ. ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿ.ಮೀ. ಆಸುಪಾಸು ಮಳೆ, ಅದೇ ಜಿಲ್ಲೆಯ ಮುಂಡಗೋಡದಲ್ಲಿ ಅದರ ಅರ್ಧವೂ ಇಲ್ಲ, ಎರಡೂ ಕಡೆ ತಲೆ ಮೇಲಿನ ಆವಿಯಲ್ಲಿ ಅಷ್ಟೇನು ವ್ಯತ್ಯಾಸ ಇರೂದಿಲ್ಲ.

ಸರಿ, ಔಷಧಿ ಹೊಡೆಯೋ ದಿನ ಹೇಗೆ ನಿರ್ಧಾರ ಮಾಡೋದು. ಔಷಧಿಯ ಪ್ರಮಾಣ, ಎಷ್ಟು ಅಂತರದಲ್ಲಿ ಹೊಡೀಬೇಕು ಅನ್ನೋದನ್ನ ತೋಟಗಾರಿಕೆ ಇಲಾಖೆಯವರ ಹತ್ರ ಕೇಳಿ, ಅದು ನನ್ನ ವಿಷಯ ಅಲ್ಲ. ಆಕಾಶದ ಮಟ್ಟಿಗೆ ನಾನಾದ್ರೆ ಹೀಗೆ ಮಾಡ್ತೇನೆ.

ಹಿಂದಿನ ಎರಡು ದಿನ ಹವಾಮಾನ ಇಲಾಖೆಯ ಜಿಲ್ಲಾ ಮುನ್ಸೂಚನೆ ನೋಡ್ತೇನೆ, ಅದರಲ್ಲೂ ಪಶ್ಚಿಮ ಗಾಳಿ ಜೋರಿದ್ಯೋ ಇಳಿದಿದ್ಯೋ ಅಂತ. ಮೀನುಗಾರರಿಗೆ ಸಮುದ್ರಕ್ಕೆ ಇಳೀಬೇಡಿ, ಬಿರುಗಾಳಿ ಇದೆ ಅಂತ ಎಚ್ಚರಿಕೆ ಕೊಟ್ಟಿದ್ರೆ ನಾನು ಘಟ್ಟದ ಮೇಲೆ ಹೊಳವು ಹುಡುಕ್ಲಿಕ್ಕೇ ಹೋಗೂದಿಲ್ಲ, ಚಿತ್ರದಲ್ಲಿ ಏನು ಬಣ್ಣ ಇದ್ರೂ ಸರಿ. ಇದರಲ್ಲಿ ಅಪಾಯ ಅಂದ್ರೆ ಅತೀ ಎಚ್ಚರಿಕೆಯಿಂದ ಒಂದೆರಡು ಒಳ್ಳೇ ದಿನ ಕೈತಪ್ಪಬಹುದು.

ಆ ದಿನ ಬೆಳಿಗ್ಗೆ ಬಣ್ಣದ ಚಿತ್ರ ಬಿಟ್ಟು ವಿಸಿಬಲ್ ಚಿತ್ರ ತೆಗೀರಿ. ಇದು ಸೂರ್ಯನ ಬೆಳಕಲ್ಲಿ ತೆಗೆದದ್ದು, ಒಂದು ಪಿಕ್ಸೆಲ್ ಒಂದು ಕಿ.ಮೀ., ಬಣ್ಣದ ಚಿತ್ರದ್ದು ನಾಲ್ಕು ಕಿ.ಮೀ., ಆವಿಯದ್ದಂತೂ ಎಂಟು. ಘಟ್ಟಕ್ಕೆ ಅಂಟಿಕೊಂಡ ಕೆಳಗಿನ ಮೋಡ ಇದರಲ್ಲಿ ಬೆಳ್ಳಗೆ, ದಪ್ಪಗೆ ಕಾಣ್ತದೆ. ಬಣ್ಣದ ಚಿತ್ರದಲ್ಲಿ ಬೂದಿ, ವಿಸಿಬಲ್‌ನಲ್ಲಿ ಗಟ್ಟಿ ಬಿಳಿ, ಈ ಜೋಡಿ ಕಂಡ್ರೆ ಬೆಚ್ಚಗಿನ ಮಳೆಮೋಡ ಅಂತ ಅನುಮಾನ ಪಡಿ. ಹವಾಮಾನ ಇಲಾಖೆಯವರು ಡೇ ಮೈಕ್ರೋಫಿಸಿಕ್ಸ್ ಅಂತ ಒಂದು ಬೆರಕೆ ಚಿತ್ರ ಕೊಡ್ತಾರೆ, ಅದರಲ್ಲಿ 1.6 ಮೈಕ್ರಾನ್ ಚಾನೆಲ್ ಸೇರಿಸಿರ್ತಾರೆ, ಆ ಬೆಳಕನ್ನ ಹಿಮ ಹೀರ್ಕೊಂಡು ಮಂಕಾಗಿ ಕಾಣ್ತದೆ, ನೀರಿನ ಹನಿ ಹೊಳೀತದೆ, ಹಾಗಾಗಿ ಪರದೆ ಯಾವುದು, ನೀರಿನ ಮೋಡ ಯಾವುದು ಅಂತ ಬೇರೆ ಮಾಡ್ಬಹುದು. ಹನಿ ದೊಡ್ಡದಾದ ಹಾಗೆ ಈ ಹೊಳಪೂ ಕಮ್ಮಿ ಆಗ್ತದೆ, ಸುಮಾರು 14 ಮೈಕ್ರಾನ್ ದಾಟಿದ ಮೇಲೆ ಮಳೆ ಶುರುವಾಗೋ ಲಕ್ಷಣ ಅಂತ ನಾವು ಲೆಕ್ಕ ಇಡ್ತೇವೆ, ಆದ್ರೆ ಅದನ್ನ ಮೊಬೈಲ್‌ನಲ್ಲಿ ಕಣ್ಣಳತೆಯಲ್ಲಿ ಹಿಡಿಯೋದು ಬೇಡ. ವಿಸಿಬಲ್‌ನ ಮಿತಿ ಗೊತ್ತಿರ್ಲಿ, ರಾತ್ರಿ ಇಲ್ಲ, ಬೆಳಿಗ್ಗೆ ಏಳಕ್ಕೆ ಮೊದಲು ಸರಿ ಕಾಣೂದಿಲ್ಲ, ಕೊನೆಗೌಡ್ರಿಗೆ ಹಿಂದಿನ ರಾತ್ರಿಯೇ ಹೇಳ್ಬೇಕಾದ ಸಂದರ್ಭದಲ್ಲಿ ಉಪಯೋಗ ಇಲ್ಲ.

ಗೋವಾದ ರಡಾರ್ ಚಿತ್ರ ನೋಡ್ಬಹುದು, ರಡಾರ್ ಮಳೆಯ ಹನಿಯನ್ನೇ ನೋಡ್ತದೆ, ಆದ್ರೆ ಪಣಜಿಯಿಂದ ನಿಮ್ಮ ಶಿರಸಿ ಗಾಳಿದಾರಿಯಲ್ಲಿ 140 ಕಿ.ಮೀ. ಮೇಲೆ. ಭೂಮಿ ಬಾಗಿರೋದ್ರಿಂದ ಅದರ ಅತಿ ಕೆಳಗಿನ ಕಿರಣವೂ ನಿಮ್ಮಲ್ಲಿಗೆ ಬರೋವಾಗ ಸುಮಾರು ಎರಡೂವರೆ ಕಿ.ಮೀ. ಮೇಲೆ ಹೋಗಿರ್ತದೆ, ಮೂರು ಕಿ.ಮೀ. ಮೋಡದ ತಲೆ ಸವರಿ ಹೋಗ್ತದೆ. ಕಾರವಾರದವರಿಗೆ ಅದು ಒಳ್ಳೇ ಸಾಧನ, ನಿಮಗೆ ಅರ್ಧಂಬರ್ಧ.

ನಿಮಗೆ ಇದಕ್ಕಿಂತ ಹೆಚ್ಚು ಉಪಯೋಗ ಆಗೋದು ರಾಜ್ಯ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಇಟ್ಟಿರೋ ಮಳೆಮಾಪಕ. ಅವರ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ನಿಮ್ಮ ಊರಿನದಷ್ಟೇ ಅಲ್ಲ, ನಿಮಗಿಂತ ಪಶ್ಚಿಮದ ಊರುಗಳಲ್ಲಿ, ಅಂಕೋಲೆ, ಕುಮಟಾ ಬದಿಯ ಘಟ್ಟದ ಬುಡದಲ್ಲಿ ಈಗ ಮಳೆ ಇದ್ಯೋ ಅಂತ ಕೇಳಿ. ನಿಮ್ಮ ಮಳೆ ಅಲ್ಲಿಂದಲೇ ಹತ್ತಿ ಬರ್ಬೇಕು. ಒಬ್ಬ ನೆಂಟರೋ ಪರಿಚಯದವರೋ ಅಲ್ಲಿದ್ದು ಬೆಳಿಗ್ಗೆ ಏಳಕ್ಕೆ ಫೋನಲ್ಲಿ ಹೇಳಿದ್ರೂ ಆಗ್ತದೆ. ಇದರಲ್ಲೂ ತಪ್ಪಾಗೋ ಸಂಭವ ಉಂಟು, ಕೆಳಗೆ ಬಿಸಿಲಿದ್ದು ಘಟ್ಟದ ಅಂಚಲ್ಲಿ ಮಾತ್ರ ಸುರಿಯೋ ದಿನ ಇರ್ತದೆ, ನಿಮ್ಮ ತೋಟ ಆ ಅಂಚಿನಲ್ಲೇ ಇದೆ.

ಇಷ್ಟೆಲ್ಲ ನೋಡಿದ್ರೂ ಆರು ತಾಸಿನ ಹೊಳವನ್ನ ಘಟ್ಟದ ಅಂಚಿನಲ್ಲಿ ಖಾತ್ರಿ ಮಾಡಿ ಹೇಳ್ಲಿಕ್ಕೆ ನನ್ನಿಂದ ಆಗೂದಿಲ್ಲ. ಅದಕ್ಕೇ ಎರಡು ಬ್ಯಾರಲ್ ಒಟ್ಟಿಗೆ ಕಲೆಸ್ಬೇಡಿ, ಒಂದೊಂದಾಗಿ ಕಲೆಸಿ, ಮಳೆ ಬಂದ್ರೆ ನಷ್ಟ ಅರ್ಧಕ್ಕೆ ನಿಲ್ತದೆ. ತೋಟದ ತಗ್ಗು ಭಾಗದಲ್ಲಿ, ಪ್ರತೀ ವರ್ಷ ಕೊಳೆ ಮೊದಲು ಕಾಣಿಸ್ಕೊಳ್ಳೋ ಜಾಗದಲ್ಲಾದ್ರೂ ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ (ಹೊದಿಕೆ) ಕಟ್ಟಿಸೋದು ಸಾಧ್ಯವೋ ನೋಡಿ, ಖರ್ಚು, ಆಳಿನ ತೊಂದರೆ ಎರಡೂ ಇದೆ, ಆದ್ರೆ ಒಮ್ಮೆ ಕಟ್ಟಿದ್ರೆ ಆಕಾಶ ನೋಡೋ ಕೆಲಸ ಆ ಮರಗಳ ಮಟ್ಟಿಗೆ ತಪ್ತದೆ.

ಮೊಬೈಲ್‌ನ ಬಣ್ಣದ ಚಿತ್ರವನ್ನ ಏಪ್ರಿಲ್-ಮೇ ಮತ್ತೆ ಅಕ್ಟೋಬರ್‌ಗೆ ಇಟ್ಕೊಳ್ಳಿ. ಅಡಿಕೆ ಅಂಗಳದಲ್ಲಿ ಒಣಗ್ಲಿಕ್ಕೆ ಹಾಕಿದಾಗ, ಕೆಲಸದವರು ಬಯಲಲ್ಲಿದ್ದಾಗ, ಮಧ್ಯಾಹ್ನ ಪೂರ್ವದ ಕಡೆ ಸಣ್ಣ ಕೆಂಪು ಚುಕ್ಕಿ ಎದ್ದು ಅರ್ಧ ಗಂಟೆಯಲ್ಲಿ ದುಪ್ಪಟ್ಟಾದ್ರೆ ಅದು ಪರದೆ ಅಲ್ಲ, ಸಿಡಿಲಿನ ಮೋಡ, ಆಗ ಅದನ್ನ ನಂಬಿ, ಜೊತೆಗೆ ಸಿಡಿಲಿನ ಎಚ್ಚರಿಕೆ ಕೊಡೋ ದಾಮಿನಿ ಆಪ್ ಕೂಡ ನೋಡಿ, ಜನರನ್ನ ಒಳಗೆ ಕರೀರಿ.

ಕೊನೆಗೆ ನನ್ನದೊಂದು ಕೋರಿಕೆ. ಘಟ್ಟದ ಅಂಚಿನಲ್ಲಿ ಮಳೆ ಅಳೆದವರ ಲೆಕ್ಕ ಬಹಳ ಕಡಿಮೆ, ಉಪಗ್ರಹದ ಲೆಕ್ಕ ತಿದ್ಲಿಕ್ಕೆ ನಮಗೆ ಬೇಕಾಗಿರೋದು ಅದೇ. ಒಂದು ಸಾದಾ ಮಳೆಮಾಪಕ ಅಂಗಳದಲ್ಲಿ, ಮರ, ಮಾಡು ಎರಡರಿಂದಲೂ ದೂರ ಇಡಿ, ದಿನಾ ಬೆಳಿಗ್ಗೆ 8.30ಕ್ಕೆ ಓದಿ ಬರೆದಿಡಿ, ಮಳೆ ಯಾವಾಗ ಹಿಡೀತು, ಯಾವಾಗ ಬಿಡ್ತು ಅಂತ ಪಕ್ಕದಲ್ಲಿ ಒಂದು ಸಾಲು. ದೇಶದ ಎಲ್ಲ ಹವಾಮಾನ ಕೇಂದ್ರದಲ್ಲೂ ಮಳೆ ಓದೋದು ಅದೇ ಹೊತ್ತಿಗೆ, ಚಿತ್ರದ ಮೇಲೆ 0300 ಅಂತ ಬರೆದಿರೋದೂ ಅದೇ ಹೊತ್ತು. ಕಳೆದ ವರ್ಷದ ಆ ಎರಡು ದಿನದ ತಾರೀಖು ನೆನಪಿದ್ರೆ ಬರೆದು ಕಳಿಸಿ, ನಿಮ್ಮ ತೋಟದ ಪಿಕ್ಸೆಲ್ ತೆಗೆದು ಆ ದಿನ ಆರು ಚಾನೆಲ್ ಏನೇನು ನೋಡಿತ್ತು ಅಂತ ನಾನು ನಿಮಗೆ ಬರೆದು ಕಳಿಸ್ತೇನೆ.